ದಿಕೆ ಮತ್ತು ದಿಕ್ಕು

ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಒಂದು ಭಾನುವಾರ ನಾನು ಪ್ರಾಚೀನ ಗ್ರೀಕ್ ಮಹಾಕಾವ್ಯಗಳಲ್ಲಿ ನ್ಯಾಯದ ಕಲ್ಪನೆಯ ಬಗ್ಗೆ ಉಪನ್ಯಾಸ ಕೊಟ್ಟೆ. ನಿವೃತ್ತ ಮೇಷ್ಟ್ರಿಗೆ ಇನ್ನೇನು ಕೆಲಸ? ಆ ಕಾವ್ಯಗಳಲ್ಲಿ ಕಾನೂನಿನ ಪುಸ್ತಕವಿಲ್ಲ. ಊರ ಹಿರಿಯರು ಕಲ್ಲುಗಳ ಮೇಲೆ ಕೂತು, ಒಬ್ಬರಾದ ಮೇಲೊಬ್ಬರು ಕೋಲು ಹಿಡಿದು ತೀರ್ಪು ಹೇಳುತ್ತಾರೆ. ತೀರ್ಪಿನಲ್ಲಿ ಎರಡೇ ಬಗೆ, ನೇರ ಮತ್ತು ಸೊಟ್ಟ ಎಂದೆ. ನ್ಯಾಯಕ್ಕೆ ಅವರ ಪದ ‘ದಿಕೆ’, ಅದು ನಮ್ಮ ‘ದಿಕ್ಕಿ’ನ ದಾಯಾದಿ ಎಂದಾಗ ಚಪ್ಪಾಳೆ ಬಿತ್ತು. ಅದು ನನ್ನ ತಲೆಗೂ ಸ್ವಲ್ಪ ಏರಿತು.

ಮರುವಾರವೇ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ಮೀಟಿಂಗ್. ಆರೋಪಿ, ಮೂರನೇ ಮಹಡಿಯ ಉಡುಪಿ ಕಡೆಯ ಅಕ್ಕ. ಗಂಡ ತೀರಿಕೊಂಡ ಮೇಲೆ ನೀರ್‌ದೋಸೆ ಮಾರಿಯೇ ಮನೆ ನಡೆಸುತ್ತಿದ್ದರು. ಬೆಳಿಗ್ಗೆ ಐದಕ್ಕೆ ಅವರ ಗ್ರೈಂಡರ್ ಶುರು. ಫ್ಯಾಕ್ಟರಿಗಳ ಘಾಟಿಗೆ ಮೂಗು ಒಗ್ಗಿಸಿಕೊಂಡ ನಮ್ಮವರ ಕಿವಿ ಮಾತ್ರ ಬಲು ಸೂಕ್ಷ್ಮ.

ಮೀಟಿಂಗಿಗೆ ಮೊದಲು ಅಕ್ಕ ನನ್ನ ಬಾಗಿಲಿಗೆ ಬಂದರು. “ಮಾಷ್ಟ್ರೇ, ನಿಮ್ಮ ಭಾಷಣ ಕೇಳಿದ್ದೆ. ನಂಗೆ ಇನ್ನು ನೀವೇ ದಿಕ್ಕು.”

ಕೆಳಗೆ ಸಿಮೆಂಟ್ ಬೆಂಚಿನ ಮೇಲೆ ನಾವು ಹಿರಿಯರು ಕೂತೆವು. ಕೋಲಿನ ಬದಲು ಗಣಪತಿ ಪೆಂಡಾಲಿನ ಮೈಕು. ಸೆಕ್ರೆಟರಿ ಕೊನೆಗೆ ಅದನ್ನು ನನ್ನ ಕೈಗಿತ್ತು, “ಸರ್, ಅಭೀ ಆಪ್ ಬೋಲೋ, ಫೈನಲ್” ಎಂದು ತೀರ್ಪನ್ನು ನನಗೇ ಬಿಟ್ಟರು. ಎರಡೂ ಕಡೆಯವರನ್ನು ಹೊಗಳಿ, ಹತ್ತು ನಿಮಿಷ ಅಳೆದೂ ಸುರಿದೂ ಹೇಳಿದೆ: ಗ್ರೈಂಡರ್ ನಿಲ್ಲಿಸುವುದು ಬೇಡ, ಎಂಟು ಗಂಟೆಯ ಮೇಲೆ ಹಾಕಲಿ. ಮತ್ತೆ ಚಪ್ಪಾಳೆ. ಎಂಟರ ಹೊತ್ತಿಗೆ ಅಕ್ಕನ ಗಿರಾಕಿಗಳೆಲ್ಲ ಲೋಕಲ್ ಟ್ರೇನಿನಲ್ಲಿ ಒಂಟಿಕಾಲಲ್ಲಿ ನಿಂತಿರುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅಕ್ಕ ಜಗಳವಾಡಲಿಲ್ಲ. ಮೆಟ್ಟಿಲ ಬಳಿ ನಿಂತು ಹೇಳಿದರು: “ನಿಮ್ಮ ದಿಕ್ಕು ಯಾವುದಂತ ನಂಗೆ ಮೊದ್ಲೇ ಗೊತ್ತಾಗ್ಬೇಕಿತ್ತು, ಮಾಷ್ಟ್ರೇ. ನಿಮ್ಮ ಮಂಚ ನನ್ನ ಗ್ರೈಂಡರಿನ ನೇರ ಕೆಳಗೆ ಅಲ್ವಾ?”

ನಾಚಿಕೆಯಾಯಿತು. ತೀರ್ಪು ಬದಲಿಸುವಷ್ಟು ಆಗಲಿಲ್ಲ, ಅಷ್ಟೇ. ಮೂರು ದಿನ ಗಡದ್ದಾಗಿ ನಿದ್ದೆ ಹೊಡೆದೆ.

ಈಗ ಅಕ್ಕ ಗ್ರೈಂಡರ್ ಮಾರಿ, ದೂರದ ಮಹಾಪೆಯ ಯಾವುದೋ ಕ್ಯಾಂಟೀನಿಗೆ ದೋಸೆ ಹೊಯ್ಯಲು ಹೋಗುತ್ತಾರೆ. ಐದಕ್ಕೇ ಹೊರಡಬೇಕು. ನನ್ನ ಬಾಗಿಲು ದಾಟಿ ಇಳಿಯುವ ಅವರ ಚಪ್ಪಲಿಯ ಸದ್ದಿಗೆ ದಿನವೂ ಎಚ್ಚರವಾಗುತ್ತದೆ. ಆಮೇಲೆ ನಿದ್ದೆ ಬರುವುದಿಲ್ಲ.