ಲಂಡನ್ನಿನಲ್ಲಿದ್ದ ಮೈಸೂರು

ರೇಡಿಯೋಗೆ ಮುಖ ಅಂತ ಒಂದಿದ್ದ ಕಾಲ ಅದು. ಮೇಲೆ ಹಣೆಯಂತೆ ಗಾಜು, ಅದರ ಮೇಲೆ ದೇಶವಿದೇಶದ ಊರುಗಳ ಹೆಸರು, ಕೆಳಗೆ ಜಾಲರಿಯಂಥ ಬಟ್ಟೆ, ತಿರುಗಿಸುವುದಕ್ಕೆ ಕೆನೆಬಣ್ಣದ ದಪ್ಪ ಬಿರಡೆಗಳು. ನಡುವೆ ‘ಮ್ಯಾಜಿಕ್ ಐ’ ಅಂತ ಒಂದು ಹಸಿರು ದೀಪ. ಸ್ಟೇಷನ್ ಸರಿಯಾಗಿ ಸಿಕ್ಕಿತೆಂದರೆ ಆ ಹಸಿರು ಎರಡೂ ಕಡೆಯಿಂದ ಕೂಡಿಕೊಂಡು, ಕಣ್ಣು ಮುಚ್ಚಿ ಹಾಡು ಕೇಳುವವರ ಹಾಗೆ ಕಾಣುತ್ತಿತ್ತು. ನಿಮ್ಮ ಮನೆಯಲ್ಲೂ ಇದ್ದಿರಬೇಕು, ಕ್ರೋಶಾ ಹೊದಿಕೆ ಹೊದ್ದು, ದೇವರಿಗಿಂತ ಒಂದು ಗೇಣು ಕೆಳಗೆ.

ನಮ್ಮದು ಮೂರ್ನಾಡಿನಲ್ಲಿ, ಅಜ್ಜನ ಏಲಕ್ಕಿ-ಮೆಣಸಿನ ಅಂಗಡಿಯ ಹಿಂದಿನ ಮನೆ. ಅಜ್ಜ ಕೊಡ್ಲಿಪೇಟೆ ಕಡೆಯಿಂದ ವ್ಯಾಪಾರಕ್ಕೆ ಇಳಿದು ಬಂದವರು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ರೇಡಿಯೋ ಮುಂದೆ ಕೂತರೆ ಮನೆಯಲ್ಲಿ ಲೋಟದ ಸದ್ದೂ ಆಗಕೂಡದು. ಅವರ ಸಿಟ್ಟು ಇಡೀ ಬಜಾರಿಗೇ ಗೊತ್ತು. ಅಜ್ಜ ಕೂಗಿದರೆ ಎದುರಿನ ಅಂಗಡಿಯ ತಕ್ಕಡಿ ಅಲ್ಲಾಡುತ್ತೆ ಅನ್ನುತ್ತಿದ್ದರು. ರೇಡಿಯೋವನ್ನು ಅವರ ಹೊರತು ಯಾರೂ ಮುಟ್ಟುವ ಹಾಗಿರಲಿಲ್ಲ. ಅಜ್ಜಿಯೂ ಇಲ್ಲ.

ಆಮೇಲೆ ಅವರ ಎರಡೂ ಕಣ್ಣಿಗೆ ಪೊರೆ ಬಂತು. ಕೆಲವು ಮಳೆಗಾಲಗಳು ಅವರು ಕಿವಿಯಿಂದಲೇ ರೇಡಿಯೋ ತಿರುಗಿಸಿದರು. ಆ ಮಳೆಗಾಲಗಳಲ್ಲೇ ರೇಡಿಯೋ ಹಾಳಾಯಿತು. ಮರದ ಮೇಲೆ ಬೂಷ್ಟು, ಬಟ್ಟೆಯಲ್ಲಿ ಒಲೆಯ ಹೊಗೆ, ಗಾಜಿನ ಮೇಲೆ ಜಿಡ್ಡು. ಕಾಣದ ಅಜ್ಜನಿಗೆ ಅದು ಗೊತ್ತಾಗಲಿಲ್ಲ. ಕಂಡ ನಾವು ಮುಟ್ಟಲಿಲ್ಲ.

ಮಡಿಕೇರಿಯ ಕಾನ್ವೆಂಟ್ ಬೋರ್ಡಿಂಗಿನಿಂದ ನಾನು ಕೈಲ್‌ಪೊಳ್ದ್ ಹಬ್ಬದ ರಜೆಗೆ ಬಂದಾಗ ಅಜ್ಜ ಮೈಸೂರಿನಲ್ಲಿದ್ದರು. ಆಪರೇಷನ್ ಆಗಿ, ಕನ್ನಡಕ ಸಿಗುವವರೆಗೆ ಅಪ್ಪ ಅವರನ್ನು ನೆಂಟರ ಮನೆಯಲ್ಲಿ ಇಟ್ಟುಕೊಂಡಿದ್ದರು. ಸಂಜೆಯ ಬಸ್ಸಿನ ಕಂಡಕ್ಟರ್ ಅಂಗಡಿ ಮುಂದೆ ನಿಂತು ಅಪ್ಪ ಹೇಳಿಕಳಿಸಿದ್ದನ್ನು ಒಪ್ಪಿಸಿದ: “ನಾಳೆ ಮಧ್ಯಾಹ್ನದ ಬಸ್ಸಿಗೆ ಯಜಮಾನ್ರು ಬರ್ತಾರಮ್ಮ. ಕಣ್ಣು ಚೆನ್ನಾಗಿ ಕಾಣ್ತದಂತೆ. ಆದ್ರೆ ಹೊಲಿಗೆ ಇನ್ನೂ ಹಸಿ ಉಂಟಂತೆ. ಕೂಗಬಾರ್ದು, ಸಿಟ್ಟು ಮಾಡಬಾರ್ದು. ಬಿಚ್ಚಿಕೊಂಡ್ರೆ ಕಣ್ಣೇ ಹೋಗ್ತದೆ ಅಂತ ಡಾಕ್ಟರು ಹೇಳಿದ್ದಾರಂತೆ.”

ಅಜ್ಜಿ ಒಳಗೆ ಬಂದು ರೇಡಿಯೋದ ಹೊದಿಕೆ ಎತ್ತಿ ನೋಡಿದರು. “ಅಯ್ಯೋ ಶಿವನೇ! ಇದ್ನ ನೋಡಿ ಕೂಗ್ದೆ ಇರ್ತಾರೇನೆ ಪುಟ್ಟಿ? ಕಣ್ಣು ಕಾಣ್ತಿದ್ದಾಗ ಹೆಂಗಿತ್ತೋ ಹಂಗೇ ಇರ್ಬೇಕು ಇದು.”

ಮಾರನೆಯ ಬೆಳಿಗ್ಗೆ ಅಜ್ಜಿ ಕರೆದದ್ದಕ್ಕೆ ಪಕ್ಕದ ಮನೆಯ ಮುತ್ತವ್ವ ಆಂಟಿ ಬಂದರು. ಕೊಡವರ ಮನೆ, ಹಬ್ಬಕ್ಕೆ ಕೋವಿಗಳನ್ನೆಲ್ಲ ತೊಳೆದು ಪೂಜೆಗೆ ಇಡಬೇಕು. ಆಂಟಿಯ ಕೈಯಲ್ಲಿ ಕೋವಿಯ ಮರಕ್ಕೆ ತಿಕ್ಕುವ ಅಗಸೆ ಎಣ್ಣೆಯ ಬಾಟ್ಲಿ, ಫ್ಲಾನೆಲ್ ಬಟ್ಟೆ, ಸ್ಕ್ರೂಡ್ರೈವರ್.

“ಇದೆಂತ ರೇಡಿಯೋನಾ, ಅಣಬೆ ತೋಟವಾ ಮಾರಾಯ್ತಿ?” ಅಂದರು ಆಂಟಿ.

“ನಗಬ್ಯಾಡ ಮುತ್ತವ್ವ, ಕೈ ಹಾಕು,” ಅಂದರು ಅಜ್ಜಿ.

ಕೈ ಹಾಕಿದೆವು. ಪ್ಲಗ್ ಕಿತ್ತು, ಆಂಟಿ ಹಿಂದಿನ ಹಲಗೆ ಬಿಚ್ಚಿದರು. ಬಿರಡೆಗಳನ್ನು ನಾನು ಅಂಟುವಾಳದ ನೀರಿನಲ್ಲಿ ನೆನೆಸಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಗೆರೆಗೆರೆಯಲ್ಲಿ ಕೂತಿದ್ದ ಅಜ್ಜನ ಬೆರಳಿನ ಜಿಡ್ಡು ಬಿಟ್ಟು, ಬೆಣ್ಣೆಯಂಥ ಬಣ್ಣ ಬಂತು. ಬಟ್ಟೆಯ ಧೂಳನ್ನು ಒಣ ಬ್ರಷ್‌ನಲ್ಲಿ ಮೇಲಿಂದ ಕೆಳಕ್ಕೆ ಮೆಲ್ಲಗೆ ತೆಗೆದೆವು. ಆಂಟಿ ಬೂಷ್ಟು ಒರೆಸಿ, ಮರದ ಮೇಲೆ ಅಗಸೆ ಎಣ್ಣೆಯ ಫ್ಲಾನೆಲ್ ಆಡಿಸಿದಾಗ, ಒಳಗೆಲ್ಲೋ ಮಲಗಿದ್ದ ಕೆಂಪು ಎದ್ದು ಬಂತು. ಸಿಂಪ್ಲಿ ಬ್ಯೂಟಿಫುಲ್! ಅಜ್ಜಿಯ ಮುಖದಲ್ಲೂ ಹೊಳಪು.

“ಗಾಜು ನಾನೇ ತಿಕ್ತೀನಿ,” ಅಂದರು.

ಗಾಜು ಅಂದರೆ ಅಜ್ಜಿಗೆ ಒಂದೇ ಗೊತ್ತು, ಲಾಂದ್ರದ ಗಾಜು. ಕರೆಂಟು ನಂಬುವ ಹಾಗಿಲ್ಲದ ಊರಿನಲ್ಲಿ ದಿನಾ ಸಂಜೆ ಸೋಸಿದ ಬೂದಿಯಲ್ಲಿ ಲಾಂದ್ರದ ಗಾಜನ್ನು ಒಳಗೂ ಹೊರಗೂ ತಿಕ್ಕಿ ಫಳಫಳ ಮಾಡುತ್ತಿದ್ದರು. ರೇಡಿಯೋದ ಗಾಜನ್ನು ಕ್ಲಿಪ್ಪಿನಿಂದ ಬಿಡಿಸಿ ಮಡಿಲಲ್ಲಿ ಮಗುಚಿಟ್ಟುಕೊಂಡು, ‘ಹಾ’ ಅಂತ ಉಸಿರು ಬಿಟ್ಟು, ಒದ್ದೆ ಬಟ್ಟೆಯಲ್ಲಿ ಬೂದಿ ಅದ್ದಿ ಹಿಂಬದಿಯಿಂದ ಶುರು ಮಾಡಿದರು.

“ನೋಡ್ರೇ, ಎಷ್ಟು ಕೊಳೆ ಬತ್ತಾ ಐತೆ!”

ಬಟ್ಟೆಗೆ ಬೆಳ್ಳಗೆ, ಹಳದಿಯಾಗಿ ಅಂಟುತ್ತಿತ್ತು. ನಾನೂ ಆಂಟಿಯೂ ಅಟ್ಟದ ಮೇಲೆ ಇನ್ನೊಂದು ಹೊದಿಕೆ ಹುಡುಕುತ್ತಿದ್ದೆವು. ತಿರುಗಿ ನೋಡುವಾಗ ಅಜ್ಜಿ ಗಾಜನ್ನು ಬೆಳಕಿಗೆ ಹಿಡಿದಿದ್ದರು. ನೀರಿನಷ್ಟು ಸ್ವಚ್ಛ. ಅದರಾಚೆ ಅಜ್ಜಿಯ ಮುಖ.

“ಪುಟ್ಟೀ,” ಅಂದರು ಅಜ್ಜಿ, “ಊರುಗಳೆಲ್ಲಿ ಹೋದ್ವೇ?”

ಹೆಸರುಗಳನ್ನು ಗಾಜಿನ ಹಿಂಬದಿಗೆ ಬಣ್ಣದಲ್ಲಿ ಅಚ್ಚು ಹಾಕಿರುತ್ತಾರೆ ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ. ಅಜ್ಜಿ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟರು. ಅಳಲಿಲ್ಲ. “ನಂಗೆ ಬೈದ್ರೆ ಬೈಸ್ಕಂತೀನಿ, ಹೊಸದೇನಲ್ಲ. ಆದ್ರೆ ಕೂಗಿ ಕಣ್ಣು ಹೋದ್ರೆ? ನನ್ ಕೈಯಾರೆ ಕಣ್ಣು ತೆಗ್ದಂಗಾಗುತ್ತಲ್ಲ ಕಣವ್ವ.”

“ಆಗ ಪುನಃ ಬರೀಬೇಕಷ್ಟೇ,” ಅಂದರು ಆಂಟಿ. “ಕಾನ್ವೆಂಟಲ್ಲಿ ಎಂತ ಕಲ್ತದ್ದು ನೀನು? ಬರೀ ಪ್ರೇಯರಾ?”

ನನ್ನ ಪಿ.ಟಿ. ಶೂಗೆ ಹಚ್ಚುವ ಬಿಳಿ ಪಾಲಿಷ್ ಪೆಟ್ಟಿಗೆಯಲ್ಲಿತ್ತು. ಕಡ್ಡಿಯ ತುದಿ ಚೂಪು ಮಾಡಿ, ಸಿಸ್ಟರ್ ಕಲಿಸಿದ ಕರ್ಸಿವ್ ರೈಟಿಂಗಿನಲ್ಲಿ ಗಾಜಿನ ಹಿಂಬದಿಗೆ ‘ಮದ್ರಾಸ್’ ಅಂತ ಇಂಗ್ಲಿಷಿನಲ್ಲಿ ಬರೆದೆ. ಮುಂದಿನಿಂದ ನೋಡಿದರೆ ಅಕ್ಷರವೆಲ್ಲ ತಿರುಗುಮುರುಗು! ಮತ್ತೆ ಬೂದಿ. ಅಷ್ಟರಲ್ಲಿ ಅಂಗಡಿಯವರ ಊಟದ ಹೊತ್ತು ಹತ್ತಿರವಾಗಿತ್ತು, ಬಸ್ಸಿನದೂ. ಆಂಟಿಗೆ ಉಪಾಯ ಹೊಳೆಯಿತು. ತೆಳು ಕಾಗದದಲ್ಲಿ ಹೆಸರು ಬರೆದು, ಕಾಗದ ಮಗುಚಿ, ಮೇಲೆ ಗಾಜಿಟ್ಟು, ಕಂಡ ಹಾಗೇ ತಿದ್ದುವುದು. ಒಂದೊಂದು ಹಾರ್ನ್ ಕೇಳಿದಾಗಲೂ ಅಜ್ಜಿ ಬಾಗಿಲಿಗೆ ಓಡಿ, “ಲಾರಿ, ಲಾರಿ, ನೀನು ಬರಿ,” ಅನ್ನುತ್ತಿದ್ದರು.

ಯಾವ ಊರು ಎಲ್ಲಿತ್ತು? ಓದು ಬಾರದ ಅಜ್ಜಿಗೇ ಅದು ನೆನಪಿದ್ದದ್ದು. ಇಷ್ಟು ವರ್ಷ ಮುಳ್ಳು ಎಲ್ಲಿ ನಿಲ್ಲುತ್ತಿತ್ತು ಅಂತ ಬಾಗಿಲ ಸಂದಿಯಿಂದ ನೋಡಿದ್ದರಲ್ಲ! ಮಗುಚಿಟ್ಟ ಗಾಜಿನ ಮೇಲೆ ಬೆರಳಿಟ್ಟು, “ಈ ತುದಿ ಮೈಸೂರು, ಆ ತುದಿ ಲಂಡನ್ನು,” ಅಂತ ಧೈರ್ಯವಾಗಿ ಹೇಳಿದರು. ನಾನು ಹಾಗೇ ಬರೆದೆ. ಆಂಟಿ ಮೇಲೊಂದು ಪದರ ತಮ್ಮ ತಿಳಿಗುಲಾಬಿ ನೇಲ್ ಪಾಲಿಷ್ ಬಳಿದರು, ಉದುರದಿರಲಿ ಅಂತ. ಗಾಜು ಕ್ಲಿಪ್ಪಿಗೆ ಕೂತು, ಹಲಗೆ ಮುಚ್ಚಿ, ಆಂಟಿ ಹಿತ್ತಲ ಬಾಗಿಲಿಂದ ಜಾರಿಕೊಳ್ಳುವುದಕ್ಕೂ ಮುಂದಿನ ಬಾಗಿಲಲ್ಲಿ ಬಸ್ಸು ನಿಲ್ಲುವುದಕ್ಕೂ ಸರಿಹೋಯಿತು.

ಅಪ್ಪನ ಕೈ ಹಿಡಿದು ಅಜ್ಜ ಇಳಿದರು. ಸೋಡಾ ಬಾಟ್ಲಿ ತಳದಂಥ ಕನ್ನಡಕ, ಅದರ ಹಿಂದೆ ನಾನೆಂದೂ ನೋಡದಷ್ಟು ದೊಡ್ಡ ಕಣ್ಣುಗಳು. “ಕೈಕಾಲು ತೊಳ್ಕಳಿ, ಕಾಫಿ ಕೊಡ್ತೀನಿ,” ಅಂತ ಅಜ್ಜಿ ಅಡ್ಡ ನಿಂತರು. ಅಜ್ಜ ನೇರ ರೇಡಿಯೋಗೆ ಹೋದರು.

ಹೊದಿಕೆ ತೆಗೆದರು. ಮೂಸಿದರು. “ಏನಿದು, ಕೋವಿ ವಾಸ್ನೆ?”

ಉತ್ತರಕ್ಕೆ ಕಾಯದೆ ಸ್ವಿಚ್ ಹಾಕಿದರು. ವಾಲ್ವು ಬಿಸಿಯಾಗುವವರೆಗಿನ ಆ ಮೌನ ನಿಮಗೂ ನೆನಪಿರಬೇಕು. ಗಾಜಿನ ಹಿಂದೆ ಬೆಳಕು ಬಂತು, ನನ್ನ ಕರ್ಸಿವ್ ಅಕ್ಷರಗಳು ಸಾಲಾಗಿ ಎದ್ದವು. ಅಜ್ಜ ಮುಳ್ಳನ್ನು ‘ಮೈಸೂರಿ’ಗೆ ತಂದರು. ಬರೀ ಗೊರಗೊರ. ಕಣ್ಣು ಮುಚ್ಚಿ ಕಿವಿಯಿಂದ ತಿರುಗಿಸುತ್ತಾ ಹೋದರು, ಈ ತುದಿಯಿಂದ ಆ ತುದಿಗೆ. ಕನ್ನಡದ ಮಾತು ಕೇಳಿಸಿತು, ಹಸಿರು ಕೂಡಿಕೊಂಡಿತು. ಕಣ್ಣು ತೆರೆದು ನೋಡಿದರು. ಮುಳ್ಳು ಲಂಡನ್ನಿನ ಮೇಲೆ ನಿಂತಿತ್ತು.

ಆಗ ನನಗೆ ಅರ್ಥವಾಯಿತು. ಅಜ್ಜಿ ತೋರಿಸಿದ್ದು ಮಗುಚಿದ ಗಾಜಿನ ಮೇಲೆ. ಎಡಗಡೆಯದೆಲ್ಲ ಬಲಗಡೆಗೆ ಹೋಗಿತ್ತು.

ಅಜ್ಜನ ಕತ್ತಿನ ನರ ಉಬ್ಬಿತು. ಆ ನರ ನಮಗೆಲ್ಲ ಪರಿಚಯದ್ದೇ. “ಯಾರು...” ಅಂತ ಬಾಯಿ ತೆರೆದರು.

“ನಾನೇ,” ಅಜ್ಜಿ ಮುಂದೆ ಬಂದರು. “ಬೂದಿ ಹಾಕಿ ತಿಕ್ದೆ. ಹೋದ್ವು. ಬೈರಿ, ಬ್ಯಾಡ ಅನ್ನಲ್ಲ. ಆದ್ರೆ ಇವತ್ತು ಬ್ಯಾಡ. ಹೊಲಿಗೆ ಒಣಗ್ಲಿ, ಆಮ್ಯಾಕೆ ಎಲ್ಲಾ ಸೇರ್ಸಿ ಬೈರಿ.”

ಅಜ್ಜ ಅವರ ಕಡೆ ತಿರುಗಿದರು. ಬಾಯಿ ತೆರೆದೇ ಇತ್ತು. ನೋಡಿದರು, ಒಂದು ಹೆಜ್ಜೆ ಹತ್ತಿರ ಹೋಗಿ ಮತ್ತೆ ನೋಡಿದರು. ರೇಡಿಯೋದಲ್ಲಿ ಯಾರೋ ಪೇಟೆ ಧಾರಣೆ ಓದುತ್ತಿದ್ದರು.

“ಲೇ,” ಅಂದರು ಮೆಲ್ಲಗೆ, “ನಿನ್ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತು?”

ಅಜ್ಜಿಯ ಕೈ ತಲೆಗೆ ಹೋಯಿತು. ಸೆರಗು ಎಳೆದುಕೊಂಡರು. “ಬೆಳ್ಳಗೆಲ್ಲಾಯ್ತು? ಬೂದಿ ಕಣ್ರೀ ಅದು. ಬೆಳಿಗ್ಗೆಯಿಂದ ಗಾಜು ತಿಕ್ಕಿದ್ನಲ್ಲ. ತೊಳೆದ್ರೆ ಹೋಗುತ್ತೆ.”

ಅಜ್ಜ ನಕ್ಕರು. ಹೊಟ್ಟೆಯಿಂದ ಬಂದ ನಗು, ಭುಜ ಕುಲುಕುತ್ತಿತ್ತು. ಅಪ್ಪ ಗಾಬರಿಯಾಗಿ, “ಅಪ್ಪಾ, ನಗಬೇಡಿ! ಹೊಲಿಗೆ!” ಅಂತ ಕಿರುಚಿದರು. ಆ ದಿನ ನಮ್ಮ ಮನೆಯಲ್ಲಿ ಕೂಗಿದವರು ಅಪ್ಪ ಒಬ್ಬರೇ.

ಹೆಸರುಗಳನ್ನು ತಿದ್ದಿ ಬರೆಯುತ್ತೇನೆ ಅಂದೆ. ಅಜ್ಜ ಬಿಡಲಿಲ್ಲ. “ಇರ್ಲಿ ಬಿಡು, ನಮ್ಮ ಮೈಸೂರೂ ಒಂದಿಷ್ಟು ಫಾರಿನ್ ನೋಡ್ಲಿ.” ಅವರಿದ್ದಷ್ಟು ದಿನ, ನಾನು ರಜೆಗೆ ಬಂದಾಗಲೆಲ್ಲ ಬೆಳಿಗ್ಗೆ, “ಪುಟ್ಟೀ, ಲಂಡನ್ ಹಾಕು,” ಅನ್ನುತ್ತಿದ್ದರು. ಹಾಕಿದರೆ ಮೈಸೂರು ಮಾತಾಡುತ್ತಿತ್ತು. ರೇಡಿಯೋ ಹತ್ತಿರ ಅಜ್ಜಿಗೂ ಒಂದು ಮಣೆ ಬಂತು.

ಈಗ ಆ ರೇಡಿಯೋ ನನ್ನದು. ಮೈ ಮತ್ತೆ ಮಂಕಾಗಿತ್ತು, ಬಟ್ಟೆ ಹರಿದಿತ್ತು. ಹಳೇ ರೇಡಿಯೋಗಳನ್ನು ರಿಸ್ಟೋರ್ ಮಾಡುವ ಒಬ್ಬ ಯುವಕನಿಗೆ ಕೊಟ್ಟಿದ್ದೆ. ಮೊನ್ನೆ ತಂದುಕೊಟ್ಟ. ಮರಕ್ಕೆ ಪಾಲಿಷ್, ಅದೇ ನೇಯ್ಗೆಯ ಬಟ್ಟೆ, ಬಿರಡೆಗಳು ಬೆಣ್ಣೆಯ ಹಾಗೆ. ತುಂಬ ಶ್ರದ್ಧೆಯ ಕೆಲಸ.

“ಆಂಟಿ, ಗಾಜಿನ ಹಿಂದೆ ಯಾರೋ ಮಕ್ಕಳು ಗೀಚಿದ್ರು, ಎಲ್ಲಾ ಉಲ್ಟಾ. ನೀಟಾಗಿ ತೆಗೆದು ಒರಿಜಿನಲ್ ಥರಾನೇ ಪ್ರಿಂಟ್ ಹಾಕ್ಸಿದೀನಿ.”

“ಏನು ಹಾಕಿ ತಿಕ್ಕಿದೆ?” ಅಂತ ಕೇಳಿದೆ.

“ಸ್ಪಿರಿಟ್, ಆಂಟಿ.”

“ವೆರಿ ನೈಸ್,” ಅಂದೆ. ಇನ್ನೇನು ಅನ್ನಲಿ? ಕಾಫಿ ಕೊಟ್ಟು ಕಳಿಸಿದೆ.

ಅವನು ಹೋದ ಮೇಲೆ ಸ್ವಿಚ್ ಹಾಕಿ ಕೂತೆ. ಗಾಜಿನಲ್ಲಿ ನನ್ನ ಬಿಳಿ ತಲೆ ಕಂಡಿತು. ತೊಳೆದರೆ ಹೋಗುವುದಲ್ಲ. ಊರುಗಳೆಲ್ಲ ಈಗ ತಮ್ಮ ತಮ್ಮ ಜಾಗದಲ್ಲಿವೆ. ಗೊತ್ತಿದ್ದೂ ಮುಳ್ಳನ್ನು ಲಂಡನ್ನಿಗೆ ತಂದೆ. ಬರೀ ಗೊರಗೊರ. ಹಸಿರು ಕೂಡಲಿಲ್ಲ, ಅಗಲವಾಗಿ ತೆರೆದುಕೊಂಡೇ ಇತ್ತು.