ರಾಗಿ ಹಿಟ್ಟಿನ ಐರ್ಲೆಂಡ್

ಚಿಕ್ಕವನೇ, ಇದು ನಡೆದಾಗ ನೀನು ಇನ್ನೂ ಹುಟ್ಟಿರಲಿಲ್ಲ. ನಿನ್ನ ಅಕ್ಕನಿಗೆ ಒಂಬತ್ತು ವರ್ಷ. ಎರಡು ಸಾವಿರದ ಹದಿನೈದರ ಸುಮಾರು ಇರಬೇಕು. ನಿಮ್ಮ ತಾತ ಹೋದ ಮೇಲೆ ನಿಮ್ಮಮ್ಮ ನನ್ನನ್ನು ಆಸ್ಟ್ರೇಲಿಯಾಕ್ಕೆ, ಅಡಿಲೇಡಿಗೆ ಕರೆಸಿಕೊಂಡಿದ್ದಳು. ಮಾಡ್ಬರಿ ಬಡಾವಣೆಯ ಆ ಬಾಡಿಗೆ ಮನೆಯನ್ನು ನೀನು ನೋಡಿಲ್ಲ. ನಿಮ್ಮಿಬ್ಬರಿಗೂ ಕನ್ನಡ ಓದಲು ಬಾರದು, ಆದ್ದರಿಂದ ಇದನ್ನು ನಿಮ್ಮಮ್ಮ ಓದಿ ಹೇಳಲಿ. ನಡುವೆ ತನ್ನ ಮಾತು ಸೇರಿಸದೆ ಓದಲಿ.

ನಿನ್ನ ಅಕ್ಕ ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದಳು, ಶಾಲೆಯಲ್ಲಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಹಿಂದಿನ ಟರ್ಮಿನಲ್ಲಿ ತರಗತಿಯ ಮುಂದೆ ನಿಂತು ಮಾತಾಡುವ ಸರದಿ ಬಂದಾಗ ಎದ್ದು ನಿಂತಿದ್ದಾಳೆ, ಬಾಯಿ ತೆರೆದಿದ್ದಾಳೆ, ಸ್ವರ ಹೊರಟಿಲ್ಲ. ಯಾರೋ ನಕ್ಕಿದ್ದಾರೆ. ಆಮೇಲೆ ಬೆಳಗಾದರೆ ಹೊಟ್ಟೆನೋವು. ಈಗ ಮತ್ತೆ ಸರದಿ ಬಂದಿತ್ತು. ಒಬ್ಬೊಬ್ಬರು ಒಂದೊಂದು ದೇಶದ ನೆಲ ಹೇಗಾಯಿತು ಎಂದು ಹೇಳಬೇಕಿತ್ತು. ಚೀಟಿ ಎತ್ತಿದಾಗ ಇವಳ ಪಾಲಿಗೆ ಐರ್ಲೆಂಡ್ ಬಂದಿತ್ತು.

"ಈ ಸಲಾನೂ ಆಗ್ಲಿಲ್ಲ ಅಂದ್ರೆ ಐ ಆಮ್ ನಾಟ್ ಗೋಯಿಂಗ್ ಬ್ಯಾಕ್, ಅಜ್ಜಿ," ಎಂದಳು, ನನ್ನ ಪಕ್ಕದಲ್ಲಿ ಮಲಗಿ. ಅಳಲಿಲ್ಲ. ಅಳದೆ ಹೇಳಿದ್ದರಿಂದಲೇ ನನಗೆ ಹೆದರಿಕೆಯಾಯಿತು.

ಚಿಕ್ಕಂದಿನಲ್ಲಿ ನಮ್ಮೂರಿನ ಶಾಲೆಗೆ ಇನ್ಸ್‌ಪೆಕ್ಟರು ಬಂದಾಗ ಉತ್ತರ ಗೊತ್ತಿದ್ದೂ ನೆಲ ನೋಡುತ್ತ ನಿಂತವಳು ನಾನು. ಧೈರ್ಯವಾಗಿರು ಮಗಳೇ ಎಂದು ಯಾವ ಬಾಯಲ್ಲಿ ಹೇಳಲಿ? ಮಾರನೆಯ ದಿನ ಸೊಪ್ಪು ಬಿಡಿಸಲು ಕೂತಾಗ ಅವಳ ಮುಂದೆಯೂ ಒಂದು ಕಟ್ಟು ಹಾಕಿ, "ಐರ್ಲೆಂಡಲ್ಲಿ ಏನಾಯ್ತು, ನಂಗೆ ಹೇಳು," ಎಂದೆ.

ಬಹಳ ಹಿಂದೆ ಆ ದೇಶದ ಮೇಲೆ ಬೆಟ್ಟದಷ್ಟು ದಪ್ಪ ಹಿಮ ಕೂತಿತ್ತಂತೆ. ಸುಮ್ಮನೆ ಕೂತಿರಲಿಲ್ಲ, ಮೆಲ್ಲಗೆ ಜರುಗುತ್ತ, ಬೆಟ್ಟಗಳನ್ನೇ ತುರಿದು ಹಾಕಿತಂತೆ.

"ಹಿಮ ಕಲ್ಲನ್ನ ಹೇಗೆ ತುರಿಯುತ್ತೆ?"

"ಹಿಮ ಅಲ್ಲಜ್ಜಿ, ಅದ್ರೊಳಗೆ ಸಿಕ್ಕಾಕ್ಕೊಂಡಿರೋ ಕಲ್ಲು. ಲೈಕ್ ಸ್ಯಾಂಡ್‌ಪೇಪರ್."

ಆಗ ನನಗೆ ಒಂದು ಭಾನುವಾರ ನೆನಪಾಯಿತು. ನಿಮ್ಮಪ್ಪ ನಮ್ಮನ್ನು ಅಡಿಲೇಡಿನ ದಕ್ಷಿಣಕ್ಕೆ ಕಡಲ ತೀರಕ್ಕೆ ಕರೆದೊಯ್ದು, ನುಣುಪಾದ ಬಂಡೆಯ ಮೇಲಿನ ಉದ್ದುದ್ದ ಗೀರುಗಳನ್ನು ತೋರಿಸಿ, ಇದು ಹಿಮ ಎಳೆದ ಗುರುತು ಎಂದಿದ್ದರು. ಇಷ್ಟು ಬಿಸಿಲಿನ ದೇಶದಲ್ಲಿ ಎಂಥ ಹಿಮ ಎಂದುಕೊಂಡು, ಅಳಿಯಂದಿರ ಮಾತಿಗೆ ಎದುರು ಹೇಳಬಾರದೆಂದು ತಲೆಯಾಡಿಸಿದ್ದೆ. ಈಗ ನಂಬಿಕೆ ಬಂತು.

ಅವಳು ಹೇಳುತ್ತಲೇ ಇದ್ದಳು. ಹಿಮ ಹಾದುಹೋದ ಕಡೆ ಜೇಡಿಮಣ್ಣು ಸಣ್ಣ ಸಣ್ಣ ಗುಡ್ಡಗಳಾಗಿ, ಮೊಟ್ಟೆಗಳನ್ನು ಮಲಗಿಸಿಟ್ಟ ಹಾಗೆ, ಎಲ್ಲವೂ ಒಂದೇ ದಿಕ್ಕಿಗೆ ಉಳಿದವು. ಹಿಮ ಕರಗಿದಾಗ ತಗ್ಗಿನಲ್ಲಿ ನೀರು ನಿಂತು ಕೆರೆಗಳಾದವು. ಕೆರೆಯಲ್ಲಿ ಜೊಂಡು ಬೆಳೆದು, ಸತ್ತು, ಅದರ ಮೇಲೆ ಪಾಚಿ ಬೆಳೆದು, ಅದೂ ಸತ್ತು, ಸಾವಿರಾರು ವರ್ಷ ಪದರದ ಮೇಲೆ ಪದರ ಕೂತಿತು. ಮೇಲೆ ನೋಡಿದರೆ ನೆಲ, ಕಾಲಿಟ್ಟರೆ ಜವುಗು. ಅಲ್ಲಿನ ಜನ ಆ ಕಪ್ಪು ಜವುಗನ್ನು ಇಟ್ಟಿಗೆಯ ಹಾಗೆ ಕೊಯ್ದು, ಒಣಗಿಸಿ, ಒಲೆಗೆ ಹಾಕುತ್ತಾರೆ.

"ನಮ್ಮ ಬೆರಣಿ ಥರ," ಎಂದೆ. "ಸತ್ತ ಗಿಡ ಕೊಳೀಬೇಕಲ್ವಾ, ಯಾಕೆ ಕೊಳೀಲಿಲ್ಲ?"

"ಒಳಗೆ ಗಾಳಿ ಹೋಗಲ್ಲ. ನೀರು ಹುಳಿ."

"ಅಂದ್ರೆ ಉಪ್ಪಿನಕಾಯಿ."

ಅವಳು ಸೊಪ್ಪು ಬಿಟ್ಟು ನಕ್ಕಳು. "ಅದ್ರೊಳಗೆ ಬೆಣ್ಣೆ ಹೂತಿಡ್ತಿದ್ರು ಗೊತ್ತಾ?"

"ನಮ್ಮವ್ವನೂ ಬೆಣ್ಣೇನ ನೀರಲ್ಲಿ ಮುಳುಗಿಸಿ ಇಡ್ತಿದ್ಲು. ಒಂದು ವಾರ ಕೆಡ್ತಿರಲಿಲ್ಲ."

"ಅವ್ರದ್ದು ಸಾವಿರ ವರ್ಷ, ಅಜ್ಜಿ. ಈಗ್ಲೂ ಸಿಗತ್ತೆ."

"ಕಾಯಿಸಿ ತುಪ್ಪ ಮಾಡೋಕೆ ಯಾರಿಗೂ ಪುರುಸೊತ್ತೇ ಆಗ್ಲಿಲ್ವೇನೋ."

ಸೊಪ್ಪಿನ ಕಟ್ಟು ಮುಗಿಯಿತು. ಮುಗಿದ ಕೂಡಲೇ, ನಾಳೆ ಇದನ್ನೆಲ್ಲ ಅಲ್ಲಿ ಹೇಳಬೇಕಲ್ಲ ಎಂದು ಅವಳಿಗೆ ನೆನಪಾಗಿ ಮುಖ ಬಾಡಿತು. ಅದನ್ನು ನೋಡಿ ನನಗೆ ಒಂದು ಯೋಚನೆ ಬಂತು. ಕೈಯಲ್ಲಿ ಕೆಲಸ ಇರುವವರೆಗೆ ಈ ಮಗುವಿಗೆ ಮಾತಿನ ಭಯವಿಲ್ಲ. ನಾನೂ ಹಾಗೆಯೇ. ನಾಲ್ಕು ಜನರ ನಡುವೆ ಕೂರಿಸಿದರೆ ಬೆವರುವವಳು, ಮದುವೆ ಮನೆಯಲ್ಲಿ ತರಕಾರಿ ಹೆಚ್ಚಲು ಕೂರಿಸಿದರೆ ಎಲ್ಲರ ಜೊತೆ ಹರಟುತ್ತೇನೆ.

ಅಂದು ಸಂಜೆ ನಾವಿಬ್ಬರೂ ಐರ್ಲೆಂಡ್ ಮಾಡಿದೆವು. ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಗಟ್ಟಿಯಾಗಿ ತಿರುವಿದ ಮುದ್ದೆಯನ್ನು ಹರಡಿ, ಅಂಚಿನಲ್ಲಿ ಬೆಟ್ಟ, ನಡುವೆ ತಗ್ಗು, ಒಂದು ಕಡೆ ಸಾಲಾಗಿ ಮೊಟ್ಟೆಯಾಕಾರದ ಗುಡ್ಡಗಳು. ಮರಳು, ಸಣ್ಣ ಕಲ್ಲು ಬೆರೆಸಿದ ನೀರನ್ನು ಡಬ್ಬಿಯಲ್ಲಿ ತುಂಬಿ ಫ್ರೀಜರಿನಲ್ಲಿಟ್ಟೆವು. ಅದು ಹಿಮ. ಜವುಗಿಗೆ ಕಾಫಿ ಚರಟ ತೆಗೆದಿಟ್ಟೆವು. ತಟ್ಟೆ ಒಣಗದಿರಲೆಂದು ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಒಲೆಯ ಪಕ್ಕ ಇಟ್ಟು ಮಲಗಿದೆವು.

ನಿಮ್ಮಪ್ಪನಿಗೆ ಆಗ ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ. ಬೆಳಗ್ಗೆ ಹಸಿದು ಬರುತ್ತಾರೆಂದು ದಿನವೂ ಅವರ ಊಟವನ್ನು ಒಲೆಯ ಪಕ್ಕ ತಟ್ಟೆ ಮುಚ್ಚಿ ಇಡುತ್ತಿದ್ದವಳು ನಾನೇ. ಇದು ಊಟವಲ್ಲ ಎಂದು ಅವರಿಗೆ ಹೇಳುವವರು ಯಾರು? ನಮ್ಮ ಕಡೆ ಅತ್ತೆಯಾದವಳು ಅಳಿಯನ ಜೊತೆ ನೇರವಾಗಿ ಮಾತಾಡುವುದು ಕಡಿಮೆ. ಏನಿದ್ದರೂ ಮಗಳ ಮೂಲಕ. ಮಗಳು ಬೇಗ ಮಲಗಿದ್ದಳು.

ಬೆಳಗ್ಗೆ ನಾನು ಅಡುಗೆಮನೆಗೆ ಬಂದಾಗ ಅವರು ಕೈ ತೊಳೆಯುತ್ತಿದ್ದರು. ತಟ್ಟೆಯಲ್ಲಿ ಒಂದು ಬೆಟ್ಟ ಮಾತ್ರ ಉಳಿದಿತ್ತು, ಅದರ ಬುಡಕ್ಕೆ ಸೊಪ್ಪಿನ ಸಾರು ಹರಿದಿತ್ತು.

"ಚೆನ್ನಾಗಿತ್ತು ಅತ್ತೆ. ಸಣ್ಣ ಸಣ್ಣ ಉಂಡೆ ಮಾಡಿದ್ರಲ್ಲ, ನುಂಗೋಕೆ ಸಲೀಸಾಯ್ತು."

ನನ್ನ ಹಿಂದೆಯೇ ನಿನ್ನ ಅಕ್ಕ ಬಂದಿದ್ದಳು, ಸಮವಸ್ತ್ರ ಹಾಕಿಕೊಂಡು. ತಟ್ಟೆಯನ್ನು ನೋಡಿದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಿಮ್ಮಮ್ಮ ಎದ್ದು ಬಂದು, "ರೀ, ಅದು ಅವಳ ಪ್ರಾಜೆಕ್ಟು," ಎಂದಳು.

"ಮುದ್ದೇನಾ?"

"ದೇಶ, ರೀ."

"ದೇಶಾನ ಸಾರಿನ ಪಕ್ಕ ಇಟ್ರೆ ನಾನೇನು ಮಾಡ್ಲಿ?" ಅವರಿಗೆ ನಗು ಬಂದಿತ್ತು. ಮುಚ್ಚಿದ ಬಾಗಿಲು ನೋಡಿ ನಗು ನಿಂತಿತು.

ಬಾಗಿಲ ಆ ಕಡೆಯಿಂದ, ಹೊಟ್ಟೆ ನೋಯುತ್ತಿದೆ ಎಂಬ ಮಾತು ಬಂತು. ನಿಮ್ಮಮ್ಮ ನನ್ನ ಮುಖ ನೋಡಿದಳು. ಇವತ್ತು ಈ ಮಗು ಮನೆಯಲ್ಲಿ ಉಳಿದರೆ ನಾಳೆ ಕಳಿಸುವುದು ಇನ್ನೂ ಕಷ್ಟ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಎಸರಿಗೆ ನೀರಿಟ್ಟೆ. ಆಮೇಲೆ ಅಳಿಯಂದಿರ ಕಡೆ ತಿರುಗಿ, ಸೆರಗು ಸರಿಮಾಡಿಕೊಂಡು, ಮಗಳ ಮೂಲಕವಲ್ಲದೆ ನಾನೇ ಹೇಳಿದೆ. "ನೀವು ನಮ್ಮನ್ನ ಸ್ಕೂಲ್ ಹತ್ರ ಬಿಡಬೇಕು. ನಾನೂ ಬರ್ತೀನಿ."

"ಆಯ್ತು ಅತ್ತೆ," ಎಂದರು, ಪಾಪ, ನಿದ್ದೆಗಣ್ಣಿನಲ್ಲೇ.

ಬಾಗಿಲ ಹತ್ತಿರ ಹೋಗಿ, "ಮಗಳೇ, ನೀನು ಮಾತಾಡೋದು ಬೇಡ," ಎಂದೆ. "ಅಲ್ಲಿ ಎಲ್ಲರ ಮುಂದೆ ಹಿಟ್ಟು ತಟ್ಟು ಸಾಕು. ನೆನ್ನೆ ತಟ್ಟಿದ ಹಾಗೆ. ನಾನು ಹಿಟ್ಟು ಕೊಡ್ತಾ ಹೋಗ್ತೀನಿ." ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಕಣ್ಣು ಕೆಂಪಾಗಿತ್ತು, ಶೂ ಹಾಕಿಕೊಂಡಿದ್ದಳು.

ಬಿಸಿ ಮುದ್ದೆಯನ್ನು ಹಾಟ್‌ಬಾಕ್ಸಿನಲ್ಲಿ ತುಂಬಿಕೊಂಡೆವು. ಹಿಮದ ಡಬ್ಬಿ, ಕಾಫಿ ಚರಟ, ಒಂದು ಚೊಂಬು, ತಟ್ಟೆ. ತರಗತಿಯಲ್ಲಿ ಟೀಚರಮ್ಮ ನನಗೊಂದು ಕುರ್ಚಿ ಹಾಕಿದರು. ಮಕ್ಕಳೆಲ್ಲ ನನ್ನ ಸೀರೆ ನೋಡುತ್ತಿದ್ದರು. ನಿನ್ನ ಅಕ್ಕ ಮುಂದೆ ನಿಂತಳು. ಬಾಯಿ ತೆರೆದಳು. ಮುಚ್ಚಿದಳು. ನಾನು ಅವಳ ಅಂಗೈಗೆ ನೀರು ಸವರಿ, ಒಂದು ಹಿಡಿ ಹಿಟ್ಟು ಇಟ್ಟೆ.

ಅವಳು ತಟ್ಟತೊಡಗಿದಳು. ಒಂದು ಬೆಟ್ಟವಾಯಿತು. ಇನ್ನೊಂದಾಯಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಇದೇನು ಎಂದು ಕೇಳಿದಳು. ನಿನ್ನ ಅಕ್ಕ ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ.

"ಇಟ್ಸ್ ರಾಗಿ. ಐ ಮೇಡ್ ಐರ್ಲೆಂಡ್ ಯೆಸ್ಟರ್ಡೇ, ಬಟ್ ಮೈ ಡ್ಯಾಡ್ ಏಟ್ ಇಟ್."

ಇಡೀ ತರಗತಿ ನಕ್ಕಿತು. ಅವಳ ಮುಖ ನೋಡಿದೆ. ಅವಳೂ ನಗುತ್ತಿದ್ದಳು. ಆಮೇಲೆ ಡಬ್ಬಿಯಿಂದ ಹಿಮದ ಗಡ್ಡೆ ಬಿಡಿಸಿ, ಕಲ್ಲಿನ ಮುಖ ಕೆಳಗೆ ಮಾಡಿ, ಹಿಟ್ಟಿನ ಮೇಲೆ ಒತ್ತಿ ಎಳೆದಳು. ಗೀರು ಬಿತ್ತು. ಮರಳು, ಕಲ್ಲು ಅಲ್ಲಲ್ಲೇ ಉಳಿದವು. ಮಕ್ಕಳು ಕುರ್ಚಿ ಬಿಟ್ಟು ತಟ್ಟೆಯ ಸುತ್ತ ನಿಂತರು. ಅವಳು ತಗ್ಗಿಗೆ ನೀರು ಬಿಟ್ಟಳು, ಚರಟ ಸುರಿದಳು, ಒಂದು ಬೆರಳಿಂದ ಒತ್ತಿ ಜವುಗು ಹೇಗೆ ನಡುಗುತ್ತದೆಂದು ತೋರಿಸಿದಳು. ಮಾತು ನಿಲ್ಲಲೇ ಇಲ್ಲ. ನನಗೆ ಗೊತ್ತಾದದ್ದು ಅಲ್ಲಲ್ಲಿ ಒಂದೊಂದು ಪದ. "ಪಿಕಲ್" ಎಂದದ್ದು ಗೊತ್ತಾಯಿತು, ಏಕೆಂದರೆ ಹಾಗೆನ್ನುವಾಗ ನನ್ನ ಕಡೆ ಕೈ ತೋರಿಸಿದಳು. ಎಲ್ಲರೂ ನನ್ನನ್ನು ನೋಡಿದರು. ನಾನು ನೆಲ ನೋಡಿದೆ, ಆದರೆ ನಗುತ್ತಲೇ ನೋಡಿದೆ.

ಮಕ್ಕಳು ಇನ್ನೂ ಅವಳ ಸುತ್ತ ನಿಂತಿರುವಾಗಲೇ ನಾನು ಮೆಲ್ಲಗೆ ಹೊರಗೆ ಬಂದೆ. ನಿಮ್ಮಪ್ಪ ಕಾರಿನಲ್ಲಿ ಕುತ್ತಿಗೆ ವಾಲಿಸಿ ನಿದ್ದೆ ಹೋಗಿದ್ದರು. ಎಬ್ಬಿಸಲು ಮನಸ್ಸಾಗದೆ ಗೇಟಿನ ಪಕ್ಕದ ಬೆಂಚಿನಲ್ಲಿ ಕೂತೆ. ಆಗಸ್ಟ್ ತಿಂಗಳ ಎಳೆ ಬಿಸಿಲು ಬೆನ್ನಿಗೆ ಬೀಳುತ್ತಿತ್ತು. ತೆರೆದ ಕಿಟಕಿಯಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು. ಯಾರೋ ಏನೋ ಕೇಳಿದರು. ನಿನ್ನ ಅಕ್ಕನ ದನಿ ಒಂದೇ, ಗಟ್ಟಿಯಾಗಿ, ಅವಸರವಿಲ್ಲದೆ ಉತ್ತರ ಹೇಳಿತು. ಆಗ ಅವಳ ಕೈಯಲ್ಲಿ ಹಿಟ್ಟು ಇತ್ತೋ ಇಲ್ಲವೋ ನನಗೆ ಕಾಣಲಿಲ್ಲ. ಕಾಣಬೇಕೆಂದೂ ಅನ್ನಿಸಲಿಲ್ಲ.