ಹನ್ನೆರಡು ಚುಕ್ಕಿಯ ಸಾಲು

ದಾಂಡೇಲಿಯ ಬಂಗೂರನಗರದ ಶಿವವ್ವನ ಮಗ ಮುದಕಪ್ಪ ಹಡಗು ಸೇರಿದ್ದೇ ಒಂದು ಸೋಜಿಗ. ಅಪ್ಪ ಕಾಗದದ ಕಾರ್ಖಾನೆಯಲ್ಲಿ ಬಿದಿರು ಕತ್ತರಿಸುವ ಯಂತ್ರದ ಮುಂದೆ ನಿಂತು ನಿಂತು ಕಿವಿ ಕಳೆದುಕೊಂಡವನು. ಮಗ ಆ ಗೇಟಿನೊಳಗೆ ಕಾಲಿಡಲಾರೆನೆಂದು ಹಟ ಹಿಡಿದು ಓದಿ, ಗೋವೆಯಿಂದ ಸರಕು ಒಯ್ಯುವ ಹಡಗಿನಲ್ಲಿ ಅಧಿಕಾರಿಯಾದ. ಕಾಳಿ ಹೊಳೆಗಿಳಿಯಲು ಅಂಜುತ್ತಿದ್ದ ಹುಡುಗ ಸಮುದ್ರಕ್ಕೆ ಹೋದನಲ್ಲಪ್ಪಾ ಎಂದು ಓಣಿಯವರು ನಕ್ಕರು.

ನಗುವವರು ನಗಲಿ. ತಂಗಿ ಮಾಲವ್ವನ ಗಂಡ ಮಹಾಂತಪ್ಪನನ್ನೂ ಅವನೇ ಇನ್ನೊಂದು ಹಡಗಿಗೆ ಖಲಾಸಿಯಾಗಿ ಹಚ್ಚಿದ. ಹೊರಡುವ ದಿನ ದಾಂಡೇಲಿ ಬಸ್ ಸ್ಟ್ಯಾಂಡಿನಲ್ಲಿ ಮಾಲವ್ವ ಅಣ್ಣನ ಕೈ ಹಿಡಿದು, "ಯಣ್ಣಾ, ಇವರ್ನ ನಿನ್ನ ಉಡಿಯಾಗ ಹಾಕೇನಿ. ನೀನ ನೋಡ್ಕೋಬೇಕು" ಎಂದಿದ್ದಳು.

ಇನ್ನು ಮುದಕಪ್ಪನ ಒಂದು ಚಾಳಿ ಹೇಳಲೇಬೇಕು. ಕಾಡಿನ ಅಂಚಿನ ಅವರ ಓಣಿಯ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಹೊರಗಿನಿಂದ ಯಾರಾದರೂ ಕರೆದರೆ ಮೊದಲ ಕರೆಗೆ ಓಗೊಡುವಂತಿಲ್ಲ. "ಅದು ಒಮ್ಮೆ ಕರೀತೈತಿ. ಮನಷ್ಯಾರಾದ್ರ ಮೂರು ಸಲ ಕರೀತಾರ" ಎನ್ನುತ್ತಿದ್ದಳು ಶಿವವ್ವ. 'ಅದು' ಅಂದರೆ ಯಾವುದು ಎಂದು ಕೇಳುವ ಧೈರ್ಯ ಯಾವ ಮಗುವಿಗೂ ಇರಲಿಲ್ಲ. ಮಗ ಆ ಮಾತನ್ನು ರೇಡಾರಿನ ಮುಂದಕ್ಕೂ ಒಯ್ದ. ಪರದೆಯ ಮೇಲೆ ಗೆರೆ ಸುತ್ತಿ ಸುತ್ತಿ ಬರುತ್ತದಲ್ಲ, ಒಂದು ಸುತ್ತಿಗೆ ಕಂಡು ಮಾಯವಾದ ಚುಕ್ಕಿ ತೆರೆಯದ್ದೋ ಮಳೆಯದ್ದೋ. ಮೂರು ಸುತ್ತಿಗೂ ಬಂದರೆ ಮಾತ್ರ ನಿಜ. ಈ ಲೆಕ್ಕ ಎಂದೂ ಕೈಕೊಟ್ಟಿರಲಿಲ್ಲ. ಕ್ಯಾಪ್ಟನ್ ಕೂಡ ಶಹಬ್ಬಾಸ್ ಎಂದಿದ್ದ. ಅದೇ ಮುಳುವಾಯಿತು ನೋಡಿ.

ಎರಡು ಸಾವಿರದ ಇಸವಿಯ ಜೂನ್. ಮಹಾಂತಪ್ಪನ ಹಡಗು ಮುಳುಗಿತು, ಜನ ರಬ್ಬರ್ ತೆಪ್ಪ ಹತ್ತಿದ್ದಾರೆ ಎಂದು ವೈರ್‌ಲೆಸ್ಸಿನಲ್ಲಿ ಸುದ್ದಿ ಬಂತು. ಹತ್ತಿರದ ಹಡಗುಗಳೆಲ್ಲ ಹುಡುಕಲು ತಿರುಗಿದವು, ಮುದಕಪ್ಪನದ್ದೂ. ಇಂಥ ತೆಪ್ಪದಲ್ಲಿ ಒಂದು ಪುಟ್ಟ ಡಬ್ಬಿ ಇರುತ್ತದೆ. ಹಡಗಿನ ರೇಡಾರಿನ ಅಲೆ ತಾಕಿದರೆ ಮಾತ್ರ ಅದು ಉತ್ತರ ಕೊಡುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಆ ಉತ್ತರ ಪರದೆಯ ಮೇಲೆ ಹನ್ನೆರಡು ಚುಕ್ಕಿಗಳ ನೆಟ್ಟನೆಯ ಸಾಲಾಗಿ ಬೀಳುತ್ತದೆ. ಸಾಲಿನಲ್ಲಿ ಹಡಗಿಗೆ ತೀರ ಹತ್ತಿರದ ಚುಕ್ಕಿ ಎಲ್ಲಿದೆಯೋ ಅಲ್ಲೇ ತೆಪ್ಪ.

ಸಂಜೆ ಮಳೆ ಜಡಿಯುತ್ತಿತ್ತು. ಪರದೆ ತುಂಬ ಮಳೆಯ ಕಲೆ. ಅದನ್ನು ಒರೆಸುವ ಗುಂಡಿ ತಿರುಗಿಸಿದರೆ ಆ ಸಾಲೂ ಅಳಿಸಿಹೋದೀತೆಂದು ಮುದಕಪ್ಪನಿಗೆ ಗೊತ್ತಿತ್ತು, ಮುಟ್ಟಲಿಲ್ಲ. ಕಣ್ಣು ಕೀಲಿಸಿ ಕೂತ. ಎಡಗಡೆ ಸಾಲು ಮೂಡಿತು! ಮುಂದಿನ ಸುತ್ತಿಗೆ ಇಲ್ಲ. ಅದರ ಮುಂದಿನದಕ್ಕೆ ಮತ್ತೆ ಬಂತು, ಅರೆಬರೆ. ಆಮೇಲೆ ಬರೀ ಮಳೆ.

ತಾಳು, ಇನ್ನೊಂದು ಸಲ ಬರಲಿ ಎಂದುಕೊಂಡ. ತೆಪ್ಪ ತೆರೆಗಳ ತಗ್ಗಿಗೆ ಇಳಿದಾಗ ಉತ್ತರ ಕಡಿದುಹೋಗುತ್ತದೆ ಎಂಬುದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ, ಹಾಳಾದ ತಲೆಗೆ. ಏನಾದರೂ ಕಾಣಿಸಿತೇ ಎಂದು ಕ್ಯಾಪ್ಟನ್ ಕೇಳಿದ. ನಾಲಗೆಯ ತುದಿಗೆ ಬಂದದ್ದನ್ನು ನುಂಗಿ ಇಲ್ಲ ಸರ್ ಎಂದ. ಹಡಗು ನೆಟ್ಟಗೆ ಮುಂದೆ ಹೋಯಿತು. ಸಾಲು ಮತ್ತೆ ಮೂಡಲಿಲ್ಲ.

ಮರುದಿನ ಬೇರೊಂದು ಹಡಗಿಗೆ ತೆಪ್ಪ ಸಿಕ್ಕಿತು. ಎಲ್ಲರೂ ಬದುಕಿದ್ದರು, ಮಹಾಂತಪ್ಪನೊಬ್ಬನನ್ನು ಬಿಟ್ಟು.

ದಿನಕರ್ಮ ಮುಗಿದ ಮೇಲೆ ಅದೇ ತೆಪ್ಪದಲ್ಲಿದ್ದ ಹಳಿಯಾಳದ ಅಂದಾನೆಪ್ಪ ಮಾಲವ್ವನನ್ನು ಮಾತಾಡಿಸಲು ಬಂದ. ಮುದಕಪ್ಪನೂ ಅಲ್ಲೇ ಗೋಡೆಗೆ ಒರಗಿದ್ದ.

"ಅಕ್ಕಾರ, ಸಂಜಿಮುಂದ ಆ ಡಬ್ಬಿ ಪೀಂ ಪೀಂ ಅಂತ್ರಿ. ಯಾವದಾರ ಹಡಗಿನ ರೇಡಾರ್ ತಾಕಿದ್ರ ಅದು ಹಂಗ ಕೂಗ್ತೈತಿ. ಮಹಾಂತಪ್ಪಣ್ಣಗ ಎದಿಗೆ ಪೆಟ್ಟಾಗಿತ್ತು, ಆದ್ರೂ ಎದ್ದು ಕುಂತ. 'ಅವರಿಗೆ ನಾವು ಕಂಡ್ವೋ, ಇನ್ನ ಬರ್ತಾರ' ಅಂದ. ಹಡಗಿನ ದೀಪಾನೂ ಕಂಡಿತ್ರಿ. ಅದು ಹೋದ ಮ್ಯಾಲೂ ಅದ ಕಡೆ ನೋಡ್ಕೋತ ಇದ್ದ. ಬೆಳಗಾಗೂದ್ರಾಗ ಜೀವ ಹೋತು."

ಮಾಲವ್ವ ಅಣ್ಣನ ಕಡೆ ತಿರುಗಿದಳು. "ಯಣ್ಣಾ, ಅದು ನಿನ್ನ ಹಡಗೇನು?"

"ಹೌದವಾ."

"ನಿನಗ ಕಂಡಿದ್ದಿಲ್ಲೇನು?"

ಇಲ್ಲ ಎಂದುಬಿಡಬಹುದಿತ್ತು.

"ಎರಡ ಸಲ ಕಂಡಿತ್ತು."

ಮಾಲವ್ವ ಎದ್ದಳು. ಅಣ್ಣನ ಮುಂದೆ ಇಟ್ಟಿದ್ದ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋಗಿ ಬಚ್ಚಲಿಗೆ ಸುರಿದಳು.